‘ಆ ಕಾಲದಲ್ಲಿ’ ಎನ್ನುವ ಹಿರಿಯರಿಗೊಂದು ಬಹಿರಂಗ ಪತ್ರ

ಸಭೆಯ ಮೊದಲ ಬೆಂಚಿನ ಮಾನ್ಯ ಹಿರಿಯರಿಗೆ,

‘ಆ ಕಾಲದಲ್ಲಿ’ ಎಂದು ತಾವು ಗಂಟಲು ಸರಿಮಾಡಿಕೊಂಡರೆ ಸಾಕು, ಇನ್ನು ಅರ್ಧ ಗಂಟೆ ನಿದ್ದೆಗೆ ಅಡ್ಡಿಯಿಲ್ಲವೆಂದು ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತು. ಈ ಉಪಕಾರಕ್ಕೆ ಸಭೆ ಋಣಿ.

ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಬಾಸೆಲ್ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದದ್ದನ್ನು ತಾವು ದಡದಲ್ಲಿ ನಿಂತು ನೋಡಿದವರಂತೆ ವರ್ಣಿಸುತ್ತೀರಿ. ಒಂದು ಸಣ್ಣ ಅನುಮಾನ, ಕ್ಷಮೆಯಿರಲಿ: ಅವರು ಊರು, ಮನೆ, ಭಾಷೆ ಎಲ್ಲ ಬಿಟ್ಟು ಹಡಗು ಹತ್ತುವಾಗ ಅಲ್ಲಿನ ಮೊದಲ ಬೆಂಚಿನಲ್ಲಿ ತಮ್ಮಂಥವರು ಯಾರೂ ಇರಲಿಲ್ಲವೇ? ಅದೇ ಮಿಷನ್ನಿನ ಮ್ಯೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡಕ್ಕೆ ಅಂಥದ್ದೊಂದು ಪತ್ರಿಕೆ ಅಲ್ಲಿಯವರೆಗೆ ಇರಲಿಲ್ಲ. ಆ ಸಾಹಸವನ್ನು ಕೊಂಡಾಡಿದ ಬಾಯಲ್ಲೇ, ಯುವಜನ ಕೂಟದವರು ಆರಾಧನೆಯನ್ನು ಮೊಬೈಲಿನಲ್ಲಿ ನೇರ ಪ್ರಸಾರ ಮಾಡಹೊರಟಾಗ, ‘ದೇವಾಲಯ ಏನು ಟಾಕೀಸಾ?’ ಎಂದು ಗದರಿದಿರಿ. ಹುಡುಗರು ತಮ್ಮ ಮಾತಿಗೆ ಮರ್ಯಾದೆ ಕೊಟ್ಟು ಟ್ರೈಪಾಡ್ ಮಡಚಿದರು. ಅವರಲ್ಲಿ ಇಬ್ಬರು ಈಗ ಗಿಟಾರು ಹಿಡಿದು ಬೇರೆ ಕಡೆ ಹಾಡುತ್ತಿದ್ದಾರೆ. ಅಲ್ಲೂ ಯೇಸುವಿನ ಹಾಡೇ, ಚಿಂತೆ ಬೇಡ.

ಹಂಚಿನ ವಿಷಯಕ್ಕಂತೂ ಕೈಮುಗಿಯಬೇಕು. ಜೆಪ್ಪುವಿನ ಮಿಷನ್ ಕಾರ್ಖಾನೆ 1865ರದ್ದೆಂದು ತಾವು ಹೇಳಿಕೊಟ್ಟಿದ್ದರಿಂದಲೇ ನಮಗೆ ತಿಳಿದದ್ದು. ನಮ್ಮ ಮಾಡಿನ ಒಡೆದ ಹಂಚುಗಳನ್ನು ಬದಲಿಸಲು ಕಮಿಟಿ ಹೊರಟರೆ ‘ಪರಂಪರೆ’ ಎಂದು ತಡೆದವರೂ ತಾವೇ. ಆಟಿಯ ಮಳೆಗೆ ಪ್ರಸಂಗಪೀಠದ ಎಡಕ್ಕೆ ನೀಲಿ ಬಕೆಟ್ ಇಡುತ್ತೇವೆ. ಪ್ರಸಂಗದ ನಡುವೆ ಅದು ಟೊಪ್ ಟೊಪ್ ಎನ್ನುತ್ತದೆ. ಸಭಾಪಾಲಕರು ಪಾಪ, ಅದಕ್ಕೆ ಸರಿಯಾಗಿ ನಿಲ್ಲಿಸಿ ನಿಲ್ಲಿಸಿ ಮಾತಾಡುವುದನ್ನು ಕಲಿತಿದ್ದಾರೆ.

ತಮ್ಮ ವಂಶಾವಳಿಯನ್ನೂ ನಾವು ಮರೆಯುವಂತಿಲ್ಲ. ಮುತ್ತಜ್ಜನಿಗೆ ದೀಕ್ಷಾಸ್ನಾನ ಕೊಟ್ಟ ದೊರೆ ಯಾರು, ಅಜ್ಜಿ ಕೂರುತ್ತಿದ್ದ ಬೆಂಚು ಯಾವುದು, ಎಲ್ಲ ಕಂಠಸ್ಥ. ಪೌಲನಿಗೂ ಇಂಥ ಪಟ್ಟಿ ಇತ್ತಲ್ಲವೇ? ಎಂಟನೆಯ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಫರಿಸಾಯ ಪಂಗಡ. ಸೆರೆಯಲ್ಲಿ ಕೂತು ಫಿಲಿಪ್ಪಿಯವರಿಗೆ ಬರೆಯುವಾಗ ಅಷ್ಟನ್ನೂ ಒಂದೊಂದಾಗಿ ಎಣಿಸಿ, ಕಸವೆಂದು ಎಸೆದು, ಹಿಂದಿನದನ್ನು ಬಿಟ್ಟು ಗುರಿಯ ಕಡೆ ಓಡುತ್ತಿದ್ದೇನೆ ಎಂದುಬಿಟ್ಟ. ಮನೆತನದ ಬೆಲೆ ತಿಳಿಯದ ಮನುಷ್ಯ. ತಾವು ಕಮಿಟಿಯಲ್ಲಿದ್ದಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ.

ತಮ್ಮ ಹಾಗೆ ಯೋಚಿಸುವವರು ಮೋಶೆಯ ಕಾಲದಲ್ಲೂ ಇದ್ದರೆಂಬುದು ಸಮಾಧಾನದ ಸಂಗತಿ. ಅರಣ್ಯದಲ್ಲಿ ಅವರಿಗೆ ಐಗುಪ್ತದ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನಪಾಗಿ ಕಣ್ಣೀರು ಬಂತು. ಬೆನ್ನಿಗೆ ಬಿದ್ದ ಚಾಟಿಯೇಟು ಮಾತ್ರ ಯಾಕೋ ನೆನಪಾಗಲಿಲ್ಲ.

ಇನ್ನು ತಮ್ಮ ಸಾಕ್ಷಿ. ಕಾಲೇಜು ದಿನಗಳ ಕನ್ವೆನ್ಷನ್, ಚಪ್ಪರದ ಮೇಲೆ ಸುರಿದ ಮಳೆ, ತಾವು ಅತ್ತು ಕೈ ಎತ್ತಿದ್ದು. ಮೊದಲ ಸಲ ಕೇಳಿದಾಗ ನನ್ನ ಕಣ್ಣೂ ಒದ್ದೆಯಾಗಿತ್ತು, ಇದು ವ್ಯಂಗ್ಯವಲ್ಲ. ಆದರೆ ಹಿರಿಯರೇ, ಕೇಳಲು ಸಂಕೋಚ: ಆ ರಾತ್ರಿಯ ಮೇಲೆ ದೇವರು ತಮ್ಮ ಹತ್ತಿರ ಮತ್ತೆ ಮಾತೇ ಆಡಲಿಲ್ಲವೇ? ಅಷ್ಟು ದಾಕ್ಷಿಣ್ಯವೇ ಇಲ್ಲದವನೇ ಆತ?

ಆದ್ದರಿಂದ ವಿನಮ್ರ ಬಿನ್ನಹ. ಬರುವ ಭಾನುವಾರ ಸಾಕ್ಷಿಗೆ ಎದ್ದು ನಿಂತಾಗ ಕಳೆದ ವಾರದ್ದೇನಾದರೂ ಹೇಳಿ. ಸಿಟ್ಟು ತಡೆದುಕೊಂಡದ್ದೋ, ಯಾರದೋ ಆಸ್ಪತ್ರೆಯ ಬಿಲ್ಲು ಕಟ್ಟಿದ್ದೋ, ಪ್ರಾರ್ಥನೆ ಮಾಡಲು ಮನಸ್ಸೇ ಬಾರದ್ದೋ, ಏನಾದರೂ ಆದೀತು. ಏನೂ ನಡೆದಿಲ್ಲವಾದರೆ ಅದನ್ನೇ ಹೇಳಿ. ಹಿಂದಿನ ಬೆಂಚಿನಲ್ಲಿ ನಮ್ಮದೂ ಬಹುತೇಕ ಅದೇ ಸ್ಥಿತಿ. ತಾವು ಶುರುಮಾಡಿದರೆ ನಮಗೂ ಬಾಯಿ ಬರುತ್ತದೆ.

ತಮ್ಮ ಪ್ರಾರ್ಥನೆಯನ್ನು ಬಯಸುವ,
ಹಿಂದಿನ ಬೆಂಚಿನವಳು