ಡೇಟಾ ಜೋಯಿಸರು

ನವಿ ಮುಂಬಯಿಯ ನೆರೂಳದ ಯಾವ ಸೆಕ್ಟರಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಚೆಂಬೂರಿನ ಚಾಳು ಬಿಟ್ಟು ಸಿಡ್ಕೊ ಮನೆಗೆ ಬಂದವರು, ಬ್ಯಾಂಕಿನಿಂದ ನಿವೃತ್ತರಾದವರು. ಅಂಗಿಯ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್. ಕೀಲಿಗೊಂಚಲಿನಲ್ಲಿ ಕೀಲಿಗಿಂತ ಪೆನ್‌ಡ್ರೈವೇ ಜಾಸ್ತಿ. ಎಂಬತ್ತರ ದಶಕದಲ್ಲಿ ಬ್ಯಾಂಕಿಗೆ ಕಂಪ್ಯೂಟರ್ ಬರುತ್ತದೆಂದಾಗ ಯೂನಿಯನ್ ಜೊತೆ ಗೇಟಿನಲ್ಲಿ ನಿಂತು ಧಿಕ್ಕಾರ ಕೂಗಿದ್ದರು. ಬಂದಮೇಲೆ ಅದರ ಮುಂದಿನಿಂದ ಎದ್ದದ್ದೇ ಇಲ್ಲ.

ಊರಲ್ಲಿ ದನವೋ ಬಳೆಯೋ ಕಳೆದರೆ ಅಂಜನ ಹಾಕಿ ನೋಡುವವರಿದ್ದಾರಲ್ಲ, ಇಲ್ಲಿ ವಿಂಡೋಸ್ ಅಪ್‌ಗ್ರೇಡ್ ಆಗಿ ಫೈಲು ಮಾಯವಾದರೆ ಇವರು. ಹುಟ್ಟಿನಿಂದ ಶೆಟ್ಟರೋ ಪೂಜಾರಿಯವರೋ ಕಾಮತರೋ ಆಗಿರಬಹುದು. ಒಂದು ಸಲ ‘ಡೇಟಾ ಜೋಯಿಸರು’ ಎಂದು ಅಂಟಿತೆಂದರೆ ಮುಗಿಯಿತು, ಮರಾಠಿ ವಾಚ್‌ಮನ್ ಕೂಡ ‘ಜೋಯಿಸ್ ಸಾಹೇಬ್’ ಎಂದೇ ಗೇಟು ತೆಗೆಯುತ್ತಾನೆ. ದಕ್ಷಿಣೆ ಮುಟ್ಟುವುದಿಲ್ಲ. ಕಾಫಿ ಬೇಕು, ಎರಡು ಗಂಟೆ ಎದುರು ಕೂತು ಕೇಳುವ ಒಬ್ಬ ಬೇಕು. ಬಹಳ ಮನೆಗಳಲ್ಲಿ ದುಡ್ಡು ತಗೊಂಡಿದ್ದರೇ ವಾಸಿಯಿತ್ತು ಎನ್ನಿಸುತ್ತದೆ.

ಬಂದವರು ಕೀಬೋರ್ಡಿಗೆ ಕೈ ಹಾಕುವುದಿಲ್ಲ. ಮೊದಲು ಪ್ರಶ್ನೆ.

“ಎಂತ ಮಾಡಿದ್ರಿ ಅಕ್ಕಾ?”

“ನಾನು ಎಂತದೂ ಮಾಡ್ಲಿಲ್ಲ ಮಾರಾಯ್ರೆ. ಅದೇ ಕೇಳಿತು, ಮಗ ಓಕೆ ಒತ್ತಿದ.”

“ಮತ್ತೆ?”

“ಮತ್ತೆ ಎಂತ ಇಲ್ಲ.”

“ಮತ್ತೆ?”

ಈ ಎರಡನೆಯ ‘ಮತ್ತೆ’ಗೆ ಯಾರೂ ನಿಂತದ್ದಿಲ್ಲ. ಸಿ ಡ್ರೈವ್ ಕೆಂಪಾಗಿತ್ತು, ಅಳಿಯ ಬಂದವನು ಜಾಗ ಮಾಡುತ್ತೇನೆಂದು ಏನೇನೋ ಅಳಿಸಿದ, ಆಮೇಲೆ ಸ್ಟೇಷನ್ ಹತ್ತಿರದ ಅಂಗಡಿಗೂ ಒಯ್ದದ್ದಾಯಿತು, ಅಲ್ಲಿಯ ಹುಡುಗ “ಆಂಟೀ, ಫಾರ್ಮ್ಯಾಟ್ ಮಾರನಾ ಪಡೇಗಾ” ಅಂದ – ಎಲ್ಲ ಹೊರಗೆ ಬೀಳುತ್ತದೆ. ಫಾರ್ಮ್ಯಾಟ್ ಎಂಬ ಶಬ್ದ ಕೇಳಿದೊಡನೆ ಜೋಯಿಸರು ಕಾಫಿ ಲೋಟ ಕೆಳಗಿಟ್ಟು ಎರಡು ಕಿವಿಯನ್ನೂ ಮುಚ್ಚಿಕೊಳ್ಳುತ್ತಾರೆ.

2025 ಅವರಿಗೆ ಒಳ್ಳೆಯ ಸೀಸನ್. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಲ್ಲಿಸಿದ್ದು ಆ ಅಕ್ಟೋಬರ್ 14ರಂದು, ಸರಿಯಾಗಿ ದಸರಾ ದೀಪಾವಳಿಗಳ ನಡುವೆ. ಹೆದರಿದ ಜನ ಮನೆ ಗುಡಿಸುವ ಜೊತೆಗೆ ವಿಂಡೋಸ್ 11ನ್ನೂ ಹಾಕಿಕೊಂಡರು. ಜೋಯಿಸರ ಮನೆಯಲ್ಲಿ ಆ ಸಲ ಚಕ್ಕುಲಿ ಸುಡಲಿಲ್ಲ. ನೆರೆಮನೆಗಳ ಫರಾಳದ ಡಬ್ಬಿಗಳೇ ಬೇಕಾದಷ್ಟು ಬಂದಿದ್ದವು.

ಹತ್ತರಲ್ಲಿ ಎಂಟು ಕೇಸು ಒಂದೇ. ಡಿಪಿಎಸ್ ಕೆರೆಯ ದಂಡೆಯಲ್ಲಿ ಬೆಳಗಾಗುವ ಮೊದಲೇ ಲೆನ್ಸ್ ಹಿಡಿದು ನಿಲ್ಲುವ ಒಬ್ಬರ ಫ್ಲೆಮಿಂಗೊಗಳೆಲ್ಲ ಡೆಸ್ಕ್‌ಟಾಪಿನಿಂದ ಹಾರಿಹೋದವು. ಜೋಯಿಸರು ನಕ್ಕರು. “ಹಕ್ಕಿ ಹಾರಲಿಲ್ಲ, ನಿಮಗೀಗ ಎರಡು ಡೆಸ್ಕ್‌ಟಾಪ್ ಉಂಟು. ಒಂದು ನಿಮ್ಮ ಹೆಸರಿನ ಫೋಲ್ಡರಿನೊಳಗೆ, ಇನ್ನೊಂದು ಒನ್‌ಡ್ರೈವಿನೊಳಗೆ. ಅದು ‘ಬ್ಯಾಕಪ್ ಮಾಡಲಾ’ ಕೇಳಿದಾಗ ಹೂಂ ಅಂದಿದ್ದೀರಿ. ನೀವು ನೋಡ್ತಾ ಇರೋದು ಒಂದು, ಹಕ್ಕಿ ಕೂತಿರೋದು ಇನ್ನೊಂದು.” ಎರಡು ಕ್ಲಿಕ್ಕಿಗೆ ಕೊಳ ತುಂಬಿತು. ಇಂಥ ಕೇಸು ಬೇಗ ಮುಗಿದರೆ ಜೋಯಿಸರಿಗೆ ಬೇಜಾರು; ಕಾಫಿ ಇನ್ನೂ ಬಿಸಿಯಾಗಿರುತ್ತದೆ. ಆಗ 2018ರ ಪುರಾಣ ಶುರು. ಆ ಅಕ್ಟೋಬರ್ 2ಕ್ಕೆ ಬಿಟ್ಟ ವಿಂಡೋಸ್ 10ರ ಹೊಸ ಅಪ್‌ಡೇಟ್, ಡಾಕ್ಯುಮೆಂಟ್ಸ್ ಫೋಲ್ಡರನ್ನು ಬೇರೆ ಡ್ರೈವಿಗೆ ಸಾಗಿಸಿದ್ದವರ ಹಳೆಯ ಫೋಲ್ಡರ್ ಖಾಲಿ ಇರಬೇಕೆಂದು ತಿಳಿದು ಅಳಿಸಿಬಿಟ್ಟಿತ್ತು, ಒಳಗೆ ಉಳಿದಿದ್ದ ಫೈಲುಗಳ ಸಮೇತ. ಕೆಲವೇ ದಿನದಲ್ಲಿ ಕಂಪನಿಯೇ ಅದನ್ನು ತಡೆಹಿಡಿದು, ರಿಪೇರಿ ಮಾಡಿ, ನವೆಂಬರ್ 13ಕ್ಕೆ ಮತ್ತೆ ಬಿಡಬೇಕಾಯಿತು. “ಅವರೇ ಹಾಗೆ ಮಾಡಿದಮೇಲೆ ನಿಮ್ಮ ಅಳಿಯನ್ನ ಬಯ್ಯಬೇಡಿ” ಎಂದು ಮುಗಿಸುತ್ತಾರೆ. ಅಳಿಯಂದಿರ ಪರ ಮಾತಾಡುವ ಹಿರಿಯರು ಇಡೀ ನವಿ ಮುಂಬಯಿಯಲ್ಲಿ ಇವರೊಬ್ಬರೇ ಇರಬೇಕು.

ಎರಡನೆಯ ಜಾತಿಯ ಕೇಸು ನಮ್ಮ ಕನ್ನಡದವರದು. ಸಂಘದ ಸ್ಮರಣ ಸಂಚಿಕೆಯ ಹಳೆಯ ಫೈಲು ಇದೆ, ತೆರೆಯುತ್ತದೆ, ಆದರೆ ಒಳಗೆ ಕನ್ನಡವಿಲ್ಲ: ತಲೆಯ ಮೇಲೆ ಚುಕ್ಕಿ, ಟೊಪ್ಪಿ, ಕೋಡು ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಅಧ್ಯಕ್ಷರ ಸಂದೇಶವೂ ಹಾಗೆಯೇ ಕಾಣುತ್ತದೆ (ಅದರಿಂದ ಓದುಗರಿಗೆ ಅಂಥ ನಷ್ಟವೇನಿಲ್ಲ). ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪು ಮಾಡಿದ್ದೆಲ್ಲ ಒಳಗಿಂದ ಇಂಗ್ಲಿಷ್ ಸಂಕೇತಗಳೇ. ಫಾಂಟು ಮಾತ್ರ ಕನ್ನಡದ ವೇಷ ಕಟ್ಟಿಸುತ್ತಿತ್ತು. ಹೊಸದಾಗಿ ವಿಂಡೋಸ್ ಹಾಕಿದಾಗ ಫಾಂಟು ಹೋಯಿತು, ವೇಷ ಕಳಚಿತು. ಕೀಲಿಗೊಂಚಲು ಹೊರಬರುವುದು ಆಗ. ಹಸಿರು ಪೆನ್‌ಡ್ರೈವಿನಲ್ಲಿ ಆ ಫಾಂಟುಗಳೆಲ್ಲ ಇವೆ. ಹಾಕಿದ ಕ್ಷಣ ಪುಟ ಪೂರ್ತಿ ಕನ್ನಡವಾಗಿ, ಅಧ್ಯಕ್ಷರು ಮತ್ತೆ ಎಲ್ಲರಿಗೂ ಹೃತ್ಪೂರ್ವಕ ವಂದನೆ ಸಲ್ಲಿಸತೊಡಗುತ್ತಾರೆ.

ಮೂರನೆಯದಕ್ಕೆ ಮಾತ್ರ ಮದ್ದಿಲ್ಲ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದನ್ನು ಜೋಯಿಸರೂ ತಾರರು. “ಹಳೆ ಹಾರ್ಡ್‌ಡಿಸ್ಕು ಪಾಪದ್ದು. ಅಳಿಸು ಅಂದ್ರೆ ಹೆಸರು ಮಾತ್ರ ಕಿತ್ತು, ಮಾಲು ಅಲ್ಲೇ ಇಟ್ಕೊಳ್ತಿತ್ತು. ಇದು ಹಾಗಲ್ಲ. ಟ್ರಿಮ್ ಅಂತ ಒಂದುಂಟು, ಒರೆಸಿ ಸಾರಿಸಿ ರಂಗೋಲಿ ಹಾಕಿಬಿಡ್ತದೆ.”

ಇಷ್ಟೆಲ್ಲ ತಿಳಿದ ಮನುಷ್ಯನಿಗೆ ತಿಳಿಯದ ಸಂಗತಿ ಒಂದಿತ್ತು. ಫೈಲು ಕಳೆದುಕೊಂಡವರಿಗೆಲ್ಲ ಅದು ಸಿಗಲೇಬೇಕೆಂದಿರುತ್ತದೆ ಎಂದು ಅವರು ನಂಬಿದ್ದರು.

ಸಂಘವೊಂದರ ಮಹಾಸಭೆ ಹತ್ತಿರ ಬಂದಿತ್ತು. ಅಪ್‌ಗ್ರೇಡಿನಲ್ಲಿ ಲೆಕ್ಕವೆಲ್ಲ ಹೋಯಿತೆಂದು ಖಜಾಂಚಿಯವರು ತಲೆಮೇಲೆ ಕೈ ಹೊತ್ತು ಕೂತಿದ್ದರು. ಸಮಿತಿಯವರು ಜೋಯಿಸರನ್ನು ಕಳಿಸಿದರು. ಮೊದಲ ದಿನ ಖಜಾಂಚಿಯವರು ಜುಯಿನಗರಕ್ಕೆ ಹೋಗಿದ್ದರು. ಮರುದಿನ ಮೌಸು ಕೆಟ್ಟಿತ್ತು. ಜೋಯಿಸರು ಜೇಬಿನಿಂದ ಮೌಸು ತೆಗೆದರು.

“ಹೆದರಬೇಡಿ. ಅಪ್‌ಗ್ರೇಡ್ ಆದಮೇಲೆ ಹಳೆ ವಿಂಡೋಸಿನ ಗಂಟು ‘ವಿಂಡೋಸ್ ಡಾಟ್ ಓಲ್ಡ್’ ಅಂತ ಹತ್ತು ದಿನ ಸಿ ಡ್ರೈವಿನಲ್ಲೇ ಇರ್ತದೆ. ಹತ್ತು ದಿನ ಸೂತಕ, ಮತ್ತೆ ಶುದ್ಧ, ತಾನೇ ಅಳಿಸಿ ಹೋಗ್ತದೆ. ನಿಮ್ಮದು ಆಗಿ ಎಷ್ಟಾಯ್ತು?”

“ಆರೋ ಏಳೋ” ಎಂದರು ಖಜಾಂಚಿ, ಬಹಳ ಮೆಲ್ಲಗೆ.

ಗಂಟು ಬಿಚ್ಚಿತು. ಒಳಗಿದ್ದದ್ದು ಒಂದು ಫೈಲಲ್ಲ, ಮೂರು: ‘ಲೆಕ್ಕ ಫೈನಲ್’, ‘ಲೆಕ್ಕ ಫೈನಲ್ ಸರಿಯಾದದ್ದು’, ‘ಲೆಕ್ಕ ಸಭೆಗೆ’.

“ಮೂರೂ ಸಿಕ್ಕಿದ್ವು!” ಎಂದು ಜೋಯಿಸರು ಕುಣಿದಾಡುವುದೊಂದು ಬಾಕಿ. “ಯಾವುದನ್ನ ಪೆನ್‌ಡ್ರೈವಿಗೆ ಹಾಕಲಿ?”

ಖಜಾಂಚಿಯವರು ಒಳಗೆ ತಿರುಗಿ ಇನ್ನೊಂದು ಕಾಫಿಗೆ ಹೇಳಿದರು, ನೀರುದೋಸೆಗೂ ಹೇಳಿದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಜೋಯಿಸರೇ, ಅವಸರ ಎಂತ? ಮೊದಲು ತಿಂಡಿ ಆಗಲಿ. ಅಲ್ಲ, ಈ ಸೂತಕ ಹತ್ತೇ ದಿನ ಅಂದ್ರಲ್ಲ... ಮಹಾಸಭೆಯನ್ನು ಇನ್ನೊಂದು ವಾರ ಮುಂದೆ ಹಾಕಿದರೆ ಹೇಗೆ?”