ರೋಮ್: ನಾಲ್ಕು ದಿನದ ಬಳಕೆಗೆ ಕೈಪಿಡಿ

ಸರಕಿನ ವಿವರ

ನೀವು ದುಡ್ಡು ಕೊಟ್ಟು ಪಡೆದಿರುವ ಸರಕಿನ ಹೆಸರು ರೋಮ್, ಇಟಲಿಯ ರಾಜಧಾನಿ. ತಯಾರಾದ ದಿನಾಂಕ, ಐತಿಹ್ಯದ ಪ್ರಕಾರ, ಕ್ರಿ.ಪೂ. 753ರ ಏಪ್ರಿಲ್ 21. ಅಲ್ಲಿಂದ ಮಾಲೀಕರು ಬದಲಾಗುತ್ತಲೇ ಬಂದಿದ್ದಾರೆ: ರಾಜರು, ಗಣರಾಜ್ಯದವರು, ಚಕ್ರವರ್ತಿಗಳು, ಪೋಪರು, ಮುಸೊಲಿನಿ, ಈಗ ನಗರಪಾಲಿಕೆ. ಬಿಡಿಭಾಗಗಳು ಹೊರಗೆಲ್ಲೂ ಸಿಗುವುದಿಲ್ಲ. ಹಳೆಯದರಿಂದ ಕಿತ್ತು ಹೊಸದಕ್ಕೆ ಹಾಕುವುದೇ ಇಲ್ಲಿನ ವಾಡಿಕೆ. 1349ರ ಭೂಕಂಪದಲ್ಲಿ ಕೊಲೊಸಿಯಂನ ದಕ್ಷಿಣದ ಹೊರಗೋಡೆ ಕುಸಿಯಿತು. ಆ ಕಲ್ಲುಗಳು ಆಮೇಲೆ ಅರಮನೆ, ಚರ್ಚು, ಆಸ್ಪತ್ರೆಗಳ ಗೋಡೆ ಸೇರಿದವು. ಹೀಗಾಗಿ ಒಂದನ್ನು ನೋಡುವಾಗ ಇನ್ನೊಂದರ ತುಂಡೂ ಕಣ್ಣಿಗೆ ಬೀಳುತ್ತದೆ. ಅದನ್ನು ದೋಷವೆಂದು ತಿಳಿದು ದೂರು ಕೊಡಬೇಡಿ.

ಬಳಕೆಗೆ ಎರಡು ಕ್ರಮಗಳಿವೆ. ಒಂದು 'ದೇಶ ಸುತ್ತು' ಕ್ರಮ. ಅದಕ್ಕೆ ಕಣ್ಣು, ಕಿವಿ, ಬಿಡುವು ಮೂರೂ ಬೇಕು. ಇನ್ನೊಂದು 'ಹೋದ ಪುಟ್ಟ ಬಂದ ಪುಟ್ಟ' ಕ್ರಮ. ಇದಕ್ಕೆ ಒಂದು ಪಟ್ಟಿ, ಒಂದು ಫೋನು ಸಾಕು. ಬಹುಪಾಲು ಗ್ರಾಹಕರು ಎರಡನೆಯದನ್ನೇ ಆರಿಸಿಕೊಳ್ಳುವುದರಿಂದ ಈ ಕೈಪಿಡಿಯೂ ಅದಕ್ಕೇ ಮೀಸಲು.

ಬಳಸುವ ಮುನ್ನ

1. ಪಟ್ಟಿ ಮಾಡಿಕೊಳ್ಳಿ. ಹೋದ ವರ್ಷ ರೋಮಿಗೆ ಹೋಗಿಬಂದ ಸಹೋದ್ಯೋಗಿಯ ಪಟ್ಟಿ ತರಿಸಿಕೊಂಡು ಅದಕ್ಕೆ ಕನಿಷ್ಠ ಐದು ಜಾಗ ಸೇರಿಸಿ. ಆ ಐದು ಯಾವುವು ಎಂಬುದು ಮುಖ್ಯವಲ್ಲ. ಅವರು ನೋಡಿರಬಾರದು, ಅಷ್ಟೆ.

2. ಹೆಸರು ಸರಿಪಡಿಸಿಕೊಳ್ಳಿ. 2023ರ ಅಕ್ಟೋಬರಿನಿಂದ ಕೊಲೊಸಿಯಂ ಟಿಕೆಟ್ಟಿನ ಮೇಲೆ ನೋಡುವವರ ಹೆಸರು ಇರಲೇಬೇಕು. ಬಾಗಿಲಲ್ಲಿ ಗುರುತಿನ ಚೀಟಿಯೊಂದಿಗೆ ತಾಳೆ ನೋಡುತ್ತಾರೆ. ಊರು, ತಂದೆ ಎಲ್ಲವನ್ನೂ ಇನಿಶಿಯಲ್‌ನಲ್ಲಿ ಮಡಚಿಟ್ಟುಕೊಂಡು ಬಾಳಿದ ಕನ್ನಡಿಗರು, ಪಾಸ್‌ಪೋರ್ಟಿನಲ್ಲಿ ಅವು ಹೇಗೆ ಬಿಚ್ಚಿಕೊಂಡಿವೆಯೋ ಹಾಗೆಯೇ ತುಂಬತಕ್ಕದ್ದು. 'ಎಚ್' ಅಂದರೆ ಹೊಳೆನರಸೀಪುರ, ಅದು ನಮ್ಮ ಊರು, ಈಗ ಅಲ್ಲಿ ಯಾರೂ ಇಲ್ಲ ಎಂದು ಬಾಗಿಲಲ್ಲಿ ನಿಂತವನಿಗೆ ವಿವರಿಸುವಷ್ಟರಲ್ಲಿ ನಿಮಗೆ ಕೊಟ್ಟ ಸಮಯ ಮುಗಿದಿರುತ್ತದೆ.

3. ಗಟ್ಟಿ ಶೂ ಹಾಕಿಕೊಳ್ಳಿ. ಹಳೆಯ ರೋಮಿನ ಬೀದಿಗಳಿಗೆ ಹಾಸಿರುವುದು ಮುಷ್ಟಿಗಾತ್ರದ ಕರಿಗಲ್ಲು. ಹೊಸ ಸೂಟ್‌ಕೇಸಿನ ಚಕ್ರಗಳು ಇದನ್ನು ಮೊದಲ ದಿನವೇ ಅರಿತುಕೊಳ್ಳುತ್ತವೆ. ಮಂಡಿಗಳು ಮೂರನೆಯ ದಿನ.

4. ಚಟ್ನಿಪುಡಿ ಇರಲಿ, ತುಪ್ಪದ ಡಬ್ಬಿ ಮನೆಯಲ್ಲಿರಲಿ. ಹೊರಗಿನ ಹಾಲು, ಮಾಂಸದ ಪದಾರ್ಥಗಳಿಗೆ ಐರೋಪ್ಯ ಒಕ್ಕೂಟದೊಳಗೆ ಪ್ರವೇಶವಿಲ್ಲ.

ಮೊದಲ ದಿನ: ಕೊಲೊಸಿಯಂ, ಫೋರಂ

ಬೆಳಗ್ಗೆ ಕೊಲೊಸಿಯಂ ಎದುರು ಸಾಲಿನಲ್ಲಿ ನಿಲ್ಲಿ. ಸಾಲಿನಲ್ಲಿ ಓದಲು: ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಇದನ್ನು ಉದ್ಘಾಟಿಸಿದಾಗ ಒಳಗೆ ಹೋಗಲು 80 ಕಮಾನುಗಳಿದ್ದವು. ಬಹುತೇಕ ಎಲ್ಲಕ್ಕೂ ನಂಬರು ಕೆತ್ತಿದ್ದರು. ಉಳಿದಿರುವ ಹೊರಗೋಡೆಯ ಮೇಲೆ ರೋಮನ್ ಅಂಕಿಯಲ್ಲಿ 23ರಿಂದ 54ರವರೆಗೆ ಈಗಲೂ ಕಾಣುತ್ತವೆ. ಜನ ತಮ್ಮ ಬಿಲ್ಲೆಯ ನಂಬರು ನೋಡಿಕೊಂಡು ಆಯಾ ಕಮಾನಿನಿಂದ ಒಳಗೆ ಹೋಗಿ ಕೂರುತ್ತಿದ್ದರು. ಈಗ ತಂತ್ರಜ್ಞಾನ ಮುಂದುವರಿದಿರುವುದರಿಂದ ಎಲ್ಲರೂ ಕೆಲವೇ ಬಾಗಿಲುಗಳಿಂದ ಹೋಗಬೇಕು.

ಹೊರಗೆ ತಗಡಿನ ಶಿರಸ್ತ್ರಾಣ ತೊಟ್ಟ ಗ್ಲಾಡಿಯೇಟರ್ ನಿಮ್ಮ ಹೆಗಲ ಮೇಲೆ ಕೈಹಾಕಿ ಫೋಟೊಗೆ ನಿಲ್ಲಬಹುದು. ಕತ್ತಿ ಮರದ್ದು, ಕೇಳುವ ಯೂರೊ ನಿಜದ್ದು.

ಫೋರಂ ಅನ್ನು ಅರ್ಧ ಗಂಟೆಯಲ್ಲಿ ಮುಗಿಸಿ. ಸೆನೆಟ್ ಸೇರುತ್ತಿದ್ದ, ವಿಜಯದ ಮೆರವಣಿಗೆ ಸಾಗುತ್ತಿದ್ದ ಈ ಜಾಗ ಆಮೇಲೆ ಹೂಳು ತುಂಬಿ ಶತಮಾನಗಳ ಕಾಲ ದನ ಮೇಯುವ ಬಯಲಾಗಿತ್ತು. ಆಂಟೊನೈನಸ್ ಮತ್ತು ಫೌಸ್ಟಿನಾ ದೇವಾಲಯದ ಕಂಬಗಳ ಹಿಂದೆ ಚರ್ಚೊಂದರ ಹಸಿರುಗಟ್ಟಿದ ಬಾಗಿಲು ಗೋಡೆಯ ನಡುವೆ ನೇತಾಡುತ್ತಿದೆ. ಹತ್ತಲು ಮೆಟ್ಟಿಲಿಲ್ಲ, ಹೊಸ್ತಿಲ ಕೆಳಗೆ ಬರೀ ಗೋಡೆ. ಆ ಬಾಗಿಲು ಇಟ್ಟ ಕಾಲಕ್ಕೆ ನೆಲ ಅಷ್ಟು ಎತ್ತರಕ್ಕಿತ್ತು. ನೀವು ಈಗ ನಿಂತಿರುವ ಜಾಗ ಮಣ್ಣಿನಡಿ ಇತ್ತು. ಎಚ್ಚರಿಕೆ: ಈ ಬಾಗಿಲನ್ನು ಹೆಚ್ಚು ಹೊತ್ತು ನೋಡಿದರೆ ಯೋಚನೆ ಶುರುವಾಗಿ ಮಧ್ಯಾಹ್ನದ ಮೂರು ಜಾಗಗಳು ತಪ್ಪಿಹೋಗುವ ಸಂಭವವಿದೆ.

ಎರಡನೆಯ ದಿನ: ವ್ಯಾಟಿಕನ್

ಇದು ಬೇರೆ ದೇಶ. 1929ರ ಒಪ್ಪಂದದಿಂದ ಹುಟ್ಟಿದ್ದು, ವಿಸ್ತೀರ್ಣ 44 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನೂರು ಎಕರೆಗೆ ತುಸು ಮೇಲೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ. ಆದರೂ ಊರಿಗೆ ಬಂದಮೇಲೆ ನೋಡಿದ ದೇಶಗಳ ಸಂಖ್ಯೆಗೆ ಒಂದು ಕೂಡಿಸಲು ಯಾವ ಅಡ್ಡಿಯೂ ಇಲ್ಲ. ಸೇಂಟ್ ಪೀಟರ್ ಬೆಸಿಲಿಕಾಕ್ಕೆ ಭುಜ, ಮಂಡಿ ಮುಚ್ಚಿರಬೇಕು. ಸೀರೆ, ಪಂಚೆ ಉಟ್ಟವರು ಮೊದಲ ಬಾರಿಗೆ ವಿದೇಶದಲ್ಲಿ ನಿಶ್ಚಿಂತೆಯಿಂದಿರಬಹುದು.

ವ್ಯಾಟಿಕನ್ ಮ್ಯೂಸಿಯಂನಲ್ಲಿ ನಡೆಯಬೇಕಿಲ್ಲ. ಜನಪ್ರವಾಹವೇ ಒಯ್ಯುತ್ತದೆ. ಗ್ರೀಕ್ ಶಿಲ್ಪ, ಭೂಪಟಗಳ ಸಾಲು, ರಾಫೆಲನ ಕೋಣೆಗಳು ಎಲ್ಲವೂ ಸಿಸ್ಟೀನ್ ಚಾಪೆಲ್‌ಗೆ ಹೋಗುವ ದಾರಿ ಎಂದಷ್ಟೇ ತಿಳಿಯಿರಿ. ಚಾಪೆಲ್ ಒಳಗೆ ಫೋಟೊ ನಿಷಿದ್ಧ. ಕಾವಲುಗಾರರು 'ಮಾತಾಡಬೇಡಿ, ಫೋಟೊ ತೆಗೆಯಬೇಡಿ' ಎಂದು ಗದರುತ್ತಲೇ ಇರುತ್ತಾರೆ. ಆ ಕೋಣೆಯಲ್ಲಿ ಅತಿ ದೊಡ್ಡ ದನಿ ಅವರದೇ.

ಫೋಟೊ ಇಲ್ಲವೆಂದಮೇಲೆ 'ಪುಟ್ಟ' ಕ್ರಮದವರಿಗೆ ಇಲ್ಲಿ ಮಾಡಲು ಕೆಲಸವಿಲ್ಲ. ಬೇಸರ ಕಳೆಯಲು ಮೇಲೆ ನೋಡಬಹುದು. ಹತ್ತು ನಿಮಿಷಕ್ಕೆ ಕತ್ತು ನೋಯುತ್ತದೆ. ಮೈಕೆಲೇಂಜಲೊ 1508ರಿಂದ 1512ರವರೆಗೆ ಅಟ್ಟಣೆಯ ಮೇಲೆ ನಿಂತು, ತಲೆ ಹಿಂದಕ್ಕೆ ಬಾಗಿಸಿಕೊಂಡೇ ಈ ಚಾವಣಿ ಬರೆದ. ಮಲಗಿ ಬರೆದನೆಂಬುದು ಬಾಯಿಮಾತು. ಗಳಗಂಡ ಬಂದಿತೆಂದು, ಬೆನ್ನು ಬಿಲ್ಲಾಯಿತೆಂದು ಗೊಣಗಿ ಗೆಳೆಯನಿಗೊಂದು ಪದ್ಯವನ್ನೇ ಬರೆದು ಕಳಿಸಿದ. ಬಲಿಪೀಠದ ಹಿಂದಿನ ಗೋಡೆಯ 'ಅಂತಿಮ ತೀರ್ಪು' ಚಿತ್ರವನ್ನು ಅವನು ಮುಗಿಸಿದ್ದು 1541ರಲ್ಲಿ. ಅದರ ಬಲಗಡೆಯ ಕೆಳಮೂಲೆಯಲ್ಲಿ ಕತ್ತೆಕಿವಿಯ, ಮೈಗೆ ಹಾವು ಸುತ್ತಿಕೊಂಡ ಒಬ್ಬನನ್ನು ಹುಡುಕಿ. ಚಿತ್ರದಲ್ಲಿ ಬೆತ್ತಲೆ ಮೈಗಳು ಹೆಚ್ಚಾದವೆಂದು ತಕರಾರು ತೆಗೆದ ಪೋಪರ ಆಸ್ಥಾನದ ಅಧಿಕಾರಿಯ ಮುಖವಂತೆ ಅದು. ಕಥೆ ಹೇಳಿದವನು ಕಲಾವಿದರ ಜೀವನಚರಿತ್ರೆ ಬರೆದ ವಸಾರಿ. ಅಧಿಕಾರಿಗಳೊಡನೆ ವ್ಯವಹರಿಸಿದ ಯಾವ ಕನ್ನಡಿಗನಿಗೂ ಈ ಮೂಲೆಯ ಮುಂದೆ ವಿಶೇಷ ಸಮಾಧಾನ ಸಿಗುತ್ತದೆ.

ಮೂರನೆಯ ದಿನ: ಚೌಕಗಳು, ಕಾರಂಜಿಗಳು

ಪ್ಯಾಂಥಿಯನ್: ಈ ಪುರಾತನ ದೇವಾಲಯದ ಹಣೆಯ ಮೇಲೆ ಅಗ್ರಿಪ್ಪ ಕಟ್ಟಿಸಿದನೆಂದು ಬರೆದಿದೆ, ಈಗಿರುವುದನ್ನು ಕಟ್ಟಿಸಿದವನು ಆಮೇಲಿನ ಚಕ್ರವರ್ತಿ ಹೇಡ್ರಿಯನ್. ತನ್ನ ಕಟ್ಟಡಕ್ಕೆ ಹಿಂದಿನವನ ಹೆಸರು ಬಿಟ್ಟುಕೊಟ್ಟ ಆಡಳಿತಗಾರನನ್ನು ಇಲ್ಲಿ ಮಾತ್ರ ಕಾಣಬಹುದು. ಗುಮ್ಮಟದ ವ್ಯಾಸವೂ ನೆಲದಿಂದ ಅದರ ಎತ್ತರವೂ ಒಂದೇ, 43.3 ಮೀಟರ್. ಕಬ್ಬಿಣ ಸೇರಿಸದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಇಂದಿಗೂ ಇದೇ ದೊಡ್ಡದು. ನೆತ್ತಿಯಲ್ಲಿ ಬಯಲಿಗೆ ತೆರೆದ ರಂಧ್ರ. ಮಳೆ ಬಂದರೆ ನೀರು ನೇರ ಒಳಗೆ ಬಂದು, ನಡು ಉಬ್ಬಿದ ನೆಲದ ಮೇಲೆ ಹರಿದು, ಅಮೃತಶಿಲೆಯಲ್ಲಿ ಕೊರೆದ ಸಣ್ಣ ತೂತುಗಳಲ್ಲಿ ಇಳಿದುಹೋಗುತ್ತದೆ. ಸೋರುತ್ತಿದೆ ಎಂದು ಸಿಬ್ಬಂದಿಗೆ ತಿಳಿಸಬೇಡಿ.

ಪಿಯಾಜಾ ನವೋನಾ: ಬೆರ್ನಿನಿಯ ನಾಲ್ಕು ನದಿಗಳ ಕಾರಂಜಿ, 1651. ಡ್ಯಾನ್ಯೂಬ್, ನೈಲ್, ರಿಯೊ ದೆ ಲಾ ಪ್ಲಾಟಾ, ನಾಲ್ಕನೆಯದು ನಮ್ಮ ಗಂಗೆ. ಗಂಗೆ ಎಲ್ಲಿ ಎಂದು ಸೀರೆ ಹುಡುಕಬೇಡಿ. ಹುಟ್ಟು ಹಿಡಿದು ಕೂತ ಗಡ್ಡದ ಗಂಡಸೇ ಗಂಗೆ. ಯುರೋಪಿನ ಶಿಲ್ಪಿಗಳಿಗೆ ನದಿಯೆಂದರೆ ಗಂಡು ದೇವತೆ. ಹುಟ್ಟು ಹಿಡಿಸಿದ್ದು ದೋಣಿ ಸಾಗುವ ನದಿ ಎಂದು ತೋರಿಸಲು. ಎದುರಿನ ಚರ್ಚು ಮೈಮೇಲೆ ಬಿದ್ದೀತೆಂದು ಒಂದು ಮೂರ್ತಿ ಕೈಯೆತ್ತಿ ಹೆದರುತ್ತಿದೆ, ಚರ್ಚಿನ ಶಿಲ್ಪಿ ಬೊರೊಮಿನಿಯ ಮೇಲೆ ಬೆರ್ನಿನಿಗೆ ಅಷ್ಟು ಹೊಟ್ಟೆಕಿಚ್ಚು ಎಂದು ಗೈಡ್ ಹೇಳುತ್ತಾನೆ. ಬೊರೊಮಿನಿ ಆ ಚರ್ಚಿಗೆ ಕೈ ಹಾಕುವ ಮೊದಲೇ ಕಾರಂಜಿ ಮುಗಿದಿತ್ತು. ಇದನ್ನು ಗೈಡ್‌ಗೆ ಹೇಳಿ ಅವನ ಹೊಟ್ಟೆಯ ಮೇಲೆ ಹೊಡೆಯಬೇಡಿ.

ಟ್ರೆವಿ ಕಾರಂಜಿ: ಬೆನ್ನು ತಿರುಗಿಸಿ ನಿಂತು ಬಲಗೈಯಿಂದ ಎಡಭುಜದ ಮೇಲೆ ನಾಣ್ಯ ಎಸೆಯಿರಿ. ಎಸೆದವರು ರೋಮಿಗೆ ಮರಳಿ ಬರುತ್ತಾರೆಂದು ನಂಬಿಕೆ. ನಾಣ್ಯಗಳನ್ನು ಗುಡಿಸಿ ತೆಗೆದು ಕಾರಿತಾಸ್ ಎಂಬ ಕ್ಯಾಥೊಲಿಕ್ ಸೇವಾಸಂಸ್ಥೆಯ ಮೂಲಕ ಬಡವರಿಗೆ ಬಳಸುತ್ತಾರೆ, ಆದ್ದರಿಂದ ಕೈ ಬಿಗಿಹಿಡಿಯಬೇಡಿ. ಆದರೆ ನಂಬಿಕೆಯ ಖಾತರಿ ಕೊಡಲಾಗದು. ರೋಮಿನ ಬೆಳ್ಳಿ ನಾಣ್ಯಗಳು ನಮ್ಮ ಯಶವಂತಪುರದಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ನೆಲದಡಿ ಸಿಕ್ಕಿವೆ. ಎರಡು ಸಾವಿರ ವರ್ಷವಾಯಿತು, ಅವುಗಳ ಒಡೆಯರಾರೂ ಯಶವಂತಪುರಕ್ಕೆ ಮರಳಿ ಬಂದ ವರದಿಯಿಲ್ಲ.

ಸ್ಪ್ಯಾನಿಷ್ ಮೆಟ್ಟಿಲು: ಹತ್ತಬಹುದು, ಇಳಿಯಬಹುದು, ಕೂರುವಂತಿಲ್ಲ. 2019ರಿಂದ ಕೂತವರಿಗೆ ದಂಡ.

ಇಂಧನ

ಕಾಫಿ: ಬಹುಪಾಲು ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕಟ್ಟಿ ಚೀಟಿ ಪಡೆದು, ಕೌಂಟರಿಗೆ ಒರಗಿ ನಿಂತು ಕುಡಿಯಬೇಕು. ಥೇಟ್ ನಮ್ಮ ದರ್ಶಿನಿ. ಕೂತರೆ ಅದೇ ಕಾಫಿಗೆ ರೇಟು ಏರುತ್ತದೆ. ಊಟದ ಮೇಲೆ ಕಪುಚಿನೊ ಕೇಳಿದರೆ ಕೊಡುತ್ತಾರೆ, ಜೊತೆಗೆ ಒಂದು ನೋಟವನ್ನೂ ಕೊಡುತ್ತಾರೆ.

ಊಟ: ಮಾಂಸವಿಲ್ಲವೆಂದು ಹತ್ತು ಸಲ ಖಚಿತಪಡಿಸಿಕೊಂಡು ಸಸ್ಯಾಹಾರಿಗಳು ತರಿಸುವ ಕಾಚೊ ಎ ಪೇಪೆ ಎಂಬ ಚೀಸು-ಮೆಣಸಿನ ಪಾಸ್ತಾದಲ್ಲಿ ಇರುವುದು ಪೆಕೊರಿನೊ ರೊಮಾನೊ. ಆ ಚೀಸಿಗೆ ಕುರಿಹಾಲನ್ನು ಒಡೆಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಈ ಸಾಲನ್ನು ಊಟದ ನಂತರ ಓದುವುದು ಒಳ್ಳೆಯದು.

ನೀರು: ಕೊಂಡುಕೊಳ್ಳಬೇಡಿ. ಬೀದಿಬೀದಿಯಲ್ಲಿ ಬೀಡುಕಬ್ಬಿಣದ ಗಿಡ್ಡ ಕಂಬಗಳಿವೆ, ಬಾಗಿದ ಮೂಗಿನಂಥ ಕೊಳವೆಯಿಂದ ಹಗಲೂ ರಾತ್ರಿ ತಣ್ಣನೆಯ ಕುಡಿಯುವ ನೀರು ಬೀಳುತ್ತಿರುತ್ತದೆ. ಊರಲ್ಲಿ ಇಂಥವು ಸುಮಾರು 2,500. ಬಗ್ಗಿ ಬೊಗಸೆ ಒಡ್ಡುವವರು ಪ್ರವಾಸಿಗರು. ಊರವರು ಕೊಳವೆಯ ಬಾಯಿಗೆ ಬೆರಳು ಒತ್ತುತ್ತಾರೆ. ಕೊಳವೆಯ ಬೆನ್ನಿನಲ್ಲಿರುವ ಸಣ್ಣ ತೂತಿನಿಂದ ನೀರು ಮೇಲಕ್ಕೆ ಚಿಮ್ಮಿ ನೇರ ಬಾಯಿಗೆ ಬರುತ್ತದೆ. ಮೊದಲ ಸಲ ಕನ್ನಡಕಕ್ಕೆ ಬರುತ್ತದೆ.

ನಾಲ್ಕನೆಯ ದಿನ: ಬಾಕಿ ತೀರುವಳಿ

ಪಟ್ಟಿಯಲ್ಲಿ ಉಳಿದದ್ದನ್ನೆಲ್ಲ ಇಂದು ಮುಗಿಸಿ. 'ಸತ್ಯದ ಬಾಯಿ'ಯೊಳಗೆ ಕೈ ಇಟ್ಟು ಫೋಟೊ ತೆಗೆಸಿಕೊಳ್ಳಲು ಸಾಲಿನಲ್ಲಿ ನಿಲ್ಲಿ. ಸುಳ್ಳು ಹೇಳಿದವರ ಕೈ ಕಚ್ಚುತ್ತದೆಂಬ ಈ ಕಲ್ಲುಮುಖ ಬಹುಶಃ ಹಳೆಯ ಚರಂಡಿಯೊಂದರ ಮುಚ್ಚಳ. ಅದರ ಬಾಯಿಗೆ ಕೈ ಹಾಕಲು ಖಂಡವನ್ನೇ ದಾಟಿ ಬಂದದ್ದನ್ನು ಮನೆಯಲ್ಲಿ ಹೇಳಬೇಕಿಲ್ಲ.

ಸಾನ್ ಕ್ಲೆಮೆಂಟೆ ಚರ್ಚಿಗೆ ಹೋಗುವುದನ್ನು ಈ ಕೈಪಿಡಿ ಶಿಫಾರಸು ಮಾಡುವುದಿಲ್ಲ. ಕೊಲೊಸಿಯಂನಿಂದ ಕೆಲವೇ ನಿಮಿಷದ ನಡಿಗೆ, ಹೊರಗಿನಿಂದ ಸಾಮಾನ್ಯ ಕಟ್ಟಡ. ಒಳಗೆ 12ನೇ ಶತಮಾನದ ಚರ್ಚು. ಮೆಟ್ಟಿಲಿಳಿದರೆ ಅದರ ಕೆಳಗೆ 4ನೇ ಶತಮಾನದ ಚರ್ಚು. ಇನ್ನೂ ಇಳಿದರೆ 1ನೇ ಶತಮಾನದ ರೋಮನ್ ಕಟ್ಟಡ, ಅದರೊಳಗೆ ಹೋರಿಯನ್ನು ಕೊಲ್ಲುತ್ತಿರುವ ಮಿಥ್ರಾಸ್ ದೇವನ ಗುಡಿ. ಅಲ್ಲಿ ಗಾಳಿ ತಣ್ಣಗಿದೆ, ಗೋಡೆ ತೇವವಾಗಿದೆ, ಎಲ್ಲಿಂದಲೋ ನೀರು ಹರಿಯುವ ಸದ್ದು ಬರುತ್ತದೆ. ಬಳಕೆದಾರರು ಇಲ್ಲಿ ಫೋನು ಜೇಬಿಗಿಟ್ಟು ಸುಮ್ಮನೆ ನಿಂತುಬಿಡುತ್ತಾರೆ. ಪಟ್ಟಿ ಕೆಡುವುದು ಸಾಮಾನ್ಯವಾಗಿ ಇಲ್ಲೇ.

ದೋಷ ನಿವಾರಣೆ

ಲಕ್ಷಣ: ಪರ್ಸ್ ಕಾಣುತ್ತಿಲ್ಲ.
ಕಾರಣ: ಟೆರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರಿನ ಬಸ್ಸು. ಅದರ ಖ್ಯಾತಿ ಹಳೆಯದು.
ಪರಿಹಾರ: ಹಿಂಜೇಬು ಬಿಟ್ಟು ಬೇರೆಲ್ಲಾದರೂ ಇಡುವುದು. ಬಸ್ಸಿನ ಟಿಕೆಟ್ಟನ್ನು ಒಳಗಿನ ಯಂತ್ರಕ್ಕೆ ಹಾಕಿ ಮುದ್ರೆ ಒತ್ತಿಸದಿದ್ದರೆ, ಉಳಿದ ದುಡ್ಡನ್ನು ತನಿಖಾಧಿಕಾರಿ ತೆಗೆದುಕೊಳ್ಳುತ್ತಾನೆ.

ಲಕ್ಷಣ: ಇಷ್ಟು ದೊಡ್ಡ ಊರಿಗೆ ಮೂರೇ ಮೆಟ್ರೊ ಮಾರ್ಗ.
ಕಾರಣ: ಎಲ್ಲಿ ಅಗೆದರೂ ಏನಾದರೂ ಸಿಗುತ್ತದೆ. ಮೂರನೆಯ ಮಾರ್ಗಕ್ಕೆ ಅಗೆದಾಗ ರೋಮನ್ ಸೈನಿಕರ ವಸತಿಯೇ ಎದ್ದುಬಂತು.
ಪರಿಹಾರ: ಸಾನ್ ಜೊವಾನ್ನಿ ನಿಲ್ದಾಣದಲ್ಲಿ ಇಳಿಯಿರಿ. ಅಗೆದಾಗ ಸಿಕ್ಕಿದ್ದನ್ನು ನಿಲ್ದಾಣದಲ್ಲೇ ಜೋಡಿಸಿಟ್ಟಿದ್ದಾರೆ. ಮೆಟ್ರೊ ತಡವಾಗಿದ್ದಕ್ಕೆ ಇಷ್ಟು ಚೆಂದದ ಸಮಜಾಯಿಷಿ ಬೇರೆ ಯಾವ ಊರೂ ಕೊಟ್ಟಿಲ್ಲ.

ಲಕ್ಷಣ: ಮೂರನೆಯ ದಿನದ ಸಂಜೆಗೆ ಎಲ್ಲ ಚರ್ಚುಗಳೂ ಒಂದೇ ಥರ ಕಾಣುತ್ತವೆ. ಫೋಟೊ ನೋಡಿದರೆ ಯಾವುದು ಎಲ್ಲಿಯದೆಂದು ಮನೆಮಂದಿಯಲ್ಲಿ ಜಗಳ.
ಕಾರಣ: ಯಂತ್ರ ಸರಿಯಾಗಿಯೇ ನಡೆಯುತ್ತಿದೆ. 'ಹೋದ ಪುಟ್ಟ ಬಂದ ಪುಟ್ಟ' ಕ್ರಮದ ನಿರೀಕ್ಷಿತ ಫಲಿತಾಂಶ ಇದೇ.
ಪರಿಹಾರ: ಈ ಕೈಪಿಡಿಯಲ್ಲಿ ಇಲ್ಲ.

ಖಾತರಿ

ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಪಟ್ಟಿ ಪೂರ್ತಿ ಮುಗಿಸಿದವರಿಗೆ ಯಾವ ಖಾತರಿಯೂ ಅನ್ವಯಿಸದು. ಅವರು ನೋಡಿದ್ದಕ್ಕೆ ಅವರ ಫೋನೇ ಸಾಕ್ಷಿ, ಫೋನು ಕಳೆದರೆ ಸಾಕ್ಷಿಯೂ ಇಲ್ಲ.

ಇನ್ನು ಕೈಪಿಡಿ ಬರೆದವರ ಸ್ವಂತ ಸಲಹೆ, ತಯಾರಕರಿಗೂ ಇದಕ್ಕೂ ಸಂಬಂಧವಿಲ್ಲ: ಬೆಳಗ್ಗೆ ಒಂದು ಜಾಗ, ಸಂಜೆ ಒಂದು ಜಾಗ. ನಾಲ್ಕು ದಿನಕ್ಕೆ ಎಂಟು. ಉಳಿದದ್ದನ್ನು ಕೇಳಿದವರಿಗೆ ನೋಡಲಿಲ್ಲ ಎಂದು ನಾಚಿಕೆಯಿಲ್ಲದೆ ಹೇಳಿ. ನೂರಾರು ಚರ್ಚು, ಸಾವಿರಾರು ಕಾರಂಜಿಗಳಿರುವ ಊರು ಅದು. ಅಲ್ಲೇ ಹುಟ್ಟಿ ಅಲ್ಲೇ ಮುದುಕರಾದವರೂ ಅದನ್ನು ನೋಡಿ ಮುಗಿಸಿಲ್ಲ. ನೀವೂ ಮುಗಿಸಬೇಕಾಗಿಲ್ಲ.