ಜಂಬೂ ಸವಾರಿ ಮೀಮಾಂಸೆ ಅಥವಾ ಆನೆಯನ್ನು ಕಂಡವರುಂಟೆ ಎಂಬ ವಿಚಾರ

ಉಪೋದ್ಘಾತ

ಯಾವ ಶಾಸ್ತ್ರವನ್ನೇ ಬರೆಯಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಪೂರ್ವಸೂರಿಗಳು ಕಟ್ಟುಮಾಡಿದ್ದಾರೆ. ಆ ಪ್ರಕಾರ ಇಲ್ಲಿ ವಿಷಯ ಮೈಸೂರು ದಸರಾ. ಪ್ರಯೋಜನ, ಮಕ್ಕಳ ರಜೆ ಹೇಗೋ ಕಳೆಯುವುದು. ಸಂಬಂಧ, ಮೈಸೂರಿನಲ್ಲಿ ಮನೆ ಮಾಡಿಕೊಂಡಿರುವ ಯಾರಾದರೊಬ್ಬ ನೆಂಟ. ಅಧಿಕಾರಿ ಎಂದರೆ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಬ್ಯಾರಿಕೇಡಿನ ಒಳಗಡೆ ನಿರಾತಂಕವಾಗಿ ಓಡಾಡುವವನು. ಮಿಕ್ಕವರೆಲ್ಲ ಜಿಜ್ಞಾಸುಗಳು.

ವಿಜಯದಶಮಿಯ ದಿನ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಬಂದು ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ಜಾಗ ಹಿಡಿಯುವ ಜನರಿಗೆ ಲೆಕ್ಕವಿಲ್ಲ. ಇವರಲ್ಲಿ ಅಂಬಾರಿ ಹೊತ್ತ ಆನೆಯನ್ನು ನಿಜವಾಗಿ ಕಂಡವರು ಯಾರು, ಕಂಡೆವೆಂಬ ಜ್ಞಾನ ಅವರಿಗೆ ಯಾವ ಮಾರ್ಗದಿಂದ ಉಂಟಾಯಿತು ಎಂಬುದೇ ಈ ಗ್ರಂಥದ ಚರ್ಚೆ.

ಇತಿಹಾಸ ಪ್ರಕರಣ

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. 1880ರಲ್ಲಿ ಚಾಮರಾಜ ಒಡೆಯರು ವಸ್ತುಪ್ರದರ್ಶನವನ್ನು ಸೇರಿಸಿದರು. 1892ರಲ್ಲಿ ಅವರೇ ಮೃಗಾಲಯ ಕಟ್ಟಿಸಿದರು. 1897ರಲ್ಲಿ ಮರದ ಅರಮನೆ ಸುಟ್ಟುಹೋಯಿತು; ಹೆನ್ರಿ ಇರ್ವಿನ್ ಯೋಜಿಸಿದ ಈಗಿನ ಅರಮನೆ 1912ರಲ್ಲಿ ಸಿದ್ಧವಾಯಿತು. ಒಂದು ದಿನದಲ್ಲಿ ಎಲ್ಲವನ್ನೂ ಮುಗಿಸಿ ರಾತ್ರಿ ಊರಿಗೆ ಹೊರಡಬೇಕಾದ ನೆಂಟನಿಗೆ ಅರಸರು ಹೀಗೆ ಒಂದೊಂದಾಗಿ ಕಷ್ಟ ಹೆಚ್ಚಿಸುತ್ತಲೇ ಬಂದರೆಂದು ಈ ಕ್ರಮದಿಂದ ಸಿದ್ಧವಾಗುತ್ತದೆ.

ಸಂಬಂಧ ಪ್ರಕರಣ

ನೆಂಟಸ್ತನವೆಂಬ ಗುಣವು ವರ್ಷದ ಹನ್ನೊಂದು ತಿಂಗಳು ಸುಪ್ತವಾಗಿದ್ದು ಭಾದ್ರಪದದ ಕೊನೆಯಲ್ಲಿ ವ್ಯಕ್ತವಾಗುತ್ತದೆ. ಅದರ ಲಕ್ಷಣ ದೂರವಾಣಿ ಕರೆ.

"ಏನ್ ಭಾವ, ಚೆನ್ನಾಗಿದೀರಾ? ಅಕ್ಕನ ಮಂಡಿನೋವು ಹೇಗಿದೆ? ನಿಮ್ಮನ್ನ ನೋಡಿ ಬಹಳ ದಿನ ಆಯ್ತು. ಹಾಗೇ... ಪಾಸೇನಾದ್ರೂ ಸಿಗುತ್ತಾ?"

ಇಲ್ಲಿ ಮಂಡಿನೋವು ಉಪಕ್ರಮ, ಪಾಸು ಉಪಸಂಹಾರ, ನಡುವಿನದೆಲ್ಲ ಅರ್ಥವಾದ. ಮೈಸೂರಿನವನಿಗೆ ಪಾಸು ಸಿಗುವುದಿಲ್ಲವೆಂಬುದನ್ನು ಹೊರಗಿನವರು ನಂಬುವುದಿಲ್ಲ. ಅರಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಬಾಡಿಗೆಗಿರುವವನಿಗೆ ಅರಮನೆಯಲ್ಲಿ ಏನೋ ಹಿಡಿತವಿದ್ದೇ ಇರುತ್ತದೆಂಬುದು ಅವರ ದೃಢವಾದ ವ್ಯಾಪ್ತಿಜ್ಞಾನ.

ಕ್ಷೇತ್ರಯಾತ್ರಾ ಪ್ರಕರಣ

ಬಂದ ನೆಂಟರು ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಜೂ, ಸಂಜೆ ಕೆ.ಆರ್.ಎಸ್., ರಾತ್ರಿ ಅರಮನೆಯ ದೀಪ ಎಂಬ ಕ್ರಮವನ್ನು ಮೀರುವಂತಿಲ್ಲ. ಕ್ರಮ ಬದಲಿಸಿದರೆ ದಟ್ಟಣೆ ತಪ್ಪುತ್ತದಲ್ಲ ಎಂದು ಅರಸಿಕರು ಆಕ್ಷೇಪಿಸಬಹುದು. ಎಲ್ಲರೂ ಇರುವ ಕಡೆ ತಾನೂ ಇದ್ದೆನೆಂಬ ತೃಪ್ತಿಯೂ ಆಗ ತಪ್ಪುತ್ತದೆ. ಆದ್ದರಿಂದ ಆಕ್ಷೇಪ ನಿಲ್ಲದು.

ಬೆಟ್ಟದ ಸಾವಿರ ಮೆಟ್ಟಿಲನ್ನು ಹತ್ತಿಯೇ ತೀರುತ್ತೇವೆಂದು ಹೊರಟವರಲ್ಲಿ ಒಂದು ವರ್ಗ ಮುನ್ನೂರರಲ್ಲಿ ಮಜ್ಜಿಗೆ ಕುಡಿದು ಇಳಿಯುತ್ತದೆ. ಇನ್ನೊಂದು ವರ್ಗ ದೊಡ್ಡ ನಂದಿಯವರೆಗೆ ಏರಿ, ನಂದಿಯ ಮುಂದೆ ಫೋಟೋ ತೆಗೆಸಿಕೊಂಡು, ಅಲ್ಲಿಂದ ಆಟೋ ಹುಡುಕುತ್ತದೆ. ಕೆ.ಆರ್.ಎಸ್. ಸುಮಾರು 20 ಕಿಲೋಮೀಟರ್ ದೂರ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಮಂಡ್ಯದವರು ಅದನ್ನು ಭಕ್ತಿಯಿಂದ ವಿಚಾರಿಸುತ್ತಾರೆ. ನೆಂಟರು ವಿಚಾರಿಸುವುದು ಸಂಗೀತ ಕಾರಂಜಿ ಎಷ್ಟು ಹೊತ್ತಿಗೆ ಎಂದು ಮಾತ್ರ. ಕಾರಂಜಿ ಕುಣಿಯುವ ಹೊತ್ತಿಗೇ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಹೊತ್ತಿಕೊಳ್ಳುವುದರಿಂದ ಇಲ್ಲೊಂದು ಧರ್ಮಸಂಕಟವಿದೆ. ಅದನ್ನು ಕೆ.ಆರ್.ಎಸ್. ರಸ್ತೆಯ ವಾಹನದಟ್ಟಣೆಯೇ ಪರಿಹರಿಸುತ್ತದೆ: ಎರಡೂ ತಪ್ಪುತ್ತವೆ.

ವಸ್ತುಪ್ರದರ್ಶನದಲ್ಲಿ ಪ್ರದರ್ಶನಕ್ಕಿಂತ ವಸ್ತುವೇ ಪ್ರಧಾನ. ವಸ್ತುವೆಂದರೆ ತಟ್ಟೆಗಿಂತ ದೊಡ್ಡದಾದ ಡೆಲ್ಲಿ ಹಪ್ಪಳ. ಸರ್ಕಾರಿ ಇಲಾಖೆಗಳ ಮಳಿಗೆಗಳು ಉದ್ಘಾಟನೆಯ ದಿನ ಬಡಗಿಯ ಸುತ್ತಿಗೆಯ ಸದ್ದಿನ ಮೂಲಕ ತಮ್ಮ ಇರವನ್ನು ಸೂಚಿಸುತ್ತವೆ. ಇದರಿಂದ ಸಂದರ್ಶಕರಿಗೆ ಜಗತ್ತಿನ ಅನಿತ್ಯತೆ ತಿಳಿಯುತ್ತದೆ. ಹಪ್ಪಳದ ರುಚಿಯೂ ಹೆಚ್ಚುತ್ತದೆ.

ಪ್ರಮಾಣ ಪ್ರಕರಣ

ಈಗ ಮೂಲ ಪ್ರಶ್ನೆ. ಜ್ಞಾನಕ್ಕೆ ಸಾಧನಗಳು ಆರು.

ಮೊದಲನೆಯದು ಪ್ರತ್ಯಕ್ಷ. ಇಂದ್ರಿಯಕ್ಕೂ ವಸ್ತುವಿಗೂ ಸನ್ನಿಕರ್ಷವಾದರೆ ಜ್ಞಾನ ಹುಟ್ಟುತ್ತದೆ ಎಂದ ನೈಯಾಯಿಕರು ಕೆ.ಆರ್. ವೃತ್ತದಲ್ಲಿ ನಿಂತು ನೋಡಿದವರಲ್ಲ. ಅಲ್ಲಿ ಕಣ್ಣಿಗೆ ಸನ್ನಿಕರ್ಷವಾಗುವುದು ಮುಂದಿನವನ ಬೆನ್ನು, ಅವನ ಹೆಗಲೇರಿದ ಮಗು, ಮಗುವಿನ ಬಾಯಲ್ಲಿರುವ ಪೀಪಿ. ಆನೆ ಈ ಮೂರರ ಆಚೆಗಿದೆ.

ಎರಡನೆಯದು ಅನುಮಾನ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಇರುವಂತೆ, ಎಲ್ಲೆಲ್ಲಿ ಮೊಬೈಲುಗಳು ಮೇಲೇಳುತ್ತವೋ ಅಲ್ಲಲ್ಲಿ ಆನೆ ಇರಬೇಕು. ಆದರೆ ಈ ಹೇತು ದುಷ್ಟ. ಸ್ತಬ್ಧಚಿತ್ರ ಬಂದರೂ ಮೊಬೈಲು ಏಳುತ್ತದೆ, ವೀರಗಾಸೆ ಬಂದರೂ ಏಳುತ್ತದೆ, ಸಿನಿಮಾ ನಟ ಬಂದರಂತೂ ಕೆಳಗಿಳಿಯುವುದೇ ಇಲ್ಲ. ಮುಂದಾಗಿ ಬರುವ ನಿಶಾನೆ ಆನೆಯನ್ನೇ ಅಂಬಾರಿ ಆನೆಯೆಂದು ಬಗೆದು ಕೈಮುಗಿದು ಜಾಗ ಬಿಟ್ಟು ಹೊರಟವರೂ ಉಂಟು. ಚಿಪ್ಪನ್ನು ಬೆಳ್ಳಿಯೆಂದು ಭ್ರಮಿಸುವ ಶಾಸ್ತ್ರೋಕ್ತ ಉದಾಹರಣೆಗೆ ಬದಲಾಗಿ ಇನ್ನು ಮುಂದೆ ಪಾಠಶಾಲೆಗಳಲ್ಲಿ ಇದನ್ನೇ ಕೊಡತಕ್ಕದ್ದು.

ಮೂರನೆಯದು ಉಪಮಾನ. ಊರಿಗೆ ಮರಳಿದ ಮೇಲೆ "ಪೇಪರ್‌ನಲ್ಲಿ ಫೋಟೋ ಬಂದಿದೆಯಲ್ಲ, ಥೇಟ್ ಹಾಗೇ ಇತ್ತು" ಎನ್ನುವುದು. ನೋಡದಿದ್ದುದನ್ನು ನೋಡಿದ್ದಕ್ಕೆ ಹೋಲಿಸುವ ಈ ವಿಧಾನ ಮೈಸೂರಿಗೇ ವಿಶಿಷ್ಟ.

ನಾಲ್ಕನೆಯದು ಶಬ್ದ. ಅರಮನೆಯ ಬಳಿ 21 ಕುಶಾಲತೋಪು ಹಾರುತ್ತವೆ, ಪೊಲೀಸ್ ಬ್ಯಾಂಡ್ ಮೊಳಗುತ್ತದೆ, ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ ಬರುತ್ತದೆ. ಇವೆಲ್ಲಕ್ಕಿಂತ ಮೇಲಾದ ಆಪ್ತವಾಕ್ಯವೆಂದರೆ ದೇವರಾಜ ಮಾರುಕಟ್ಟೆಯೆದುರಿನ ಮರದ ಕೊಂಬೆಯಲ್ಲಿ ಕುಳಿತ ಹುಡುಗನದು. ಅವನು "ಬಂತು ಬಂತು" ಎಂದರೆ ಬಂತು. ಕೆಳಗಿರುವವರು ಅವನ ಮಾತನ್ನು ಶ್ರುತಿಯೆಂದೇ ಸ್ವೀಕರಿಸುತ್ತಾರೆ.

ಐದನೆಯದು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕಷ್ಟೆ. ಹಾಗೆಯೇ ರಸ್ತೆಯ ನಡುವೆ ಲದ್ದಿ ಬಿದ್ದಿದೆಯೆಂದರೆ ಆನೆ ಹೋಗಿದೆಯೆಂದು ತಿಳಿಯಬೇಕು. ಆರೂ ಪ್ರಮಾಣಗಳಲ್ಲಿ ಅತ್ಯಂತ ವಿಶ್ವಾಸಾರ್ಹವಾದದ್ದು ಇದೇ. ಹೆಜ್ಜೆಯಿಡುವಾಗ ಮರೆಯಬಾರದಾದದ್ದೂ ಇದೇ.

ಆರನೆಯದು ಅನುಪಲಬ್ಧಿ. ಬ್ಯಾರಿಕೇಡು ಸರಿದು, ಜನ ರಸ್ತೆಗೆ ನುಗ್ಗಿ, ಕಡಲೆಕಾಯಿಯವನು ಬುಟ್ಟಿ ಎತ್ತಿದ ಮೇಲೆ, ಆನೆ ಕಾಣುತ್ತಿಲ್ಲ. ಆದ್ದರಿಂದ ಆನೆ ಇಲ್ಲ. ಆದ್ದರಿಂದ ದಸರಾ ಆಯಿತು.

ಪೂರ್ವಪಕ್ಷ

ಟಿ.ವಿ.ವಾದಿಗಳು ಇಲ್ಲಿ ಅಡ್ಡಬರುತ್ತಾರೆ. ನಂದಿಧ್ವಜ ಪೂಜೆಯಿಂದ ಬನ್ನಿಮಂಟಪದ ಪಂಜಿನ ಕವಾಯತಿನವರೆಗೆ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ನೋಡಬಹುದು. ಅಂಬಾರಿಯ ಕುಸುರಿ, ಚಾಮುಂಡೇಶ್ವರಿಯ ಸೀರೆಯ ಅಂಚು, ಆನೆಯ ರೆಪ್ಪೆ ಕೂಡ ಕಾಣುತ್ತದೆ. ಹೀಗಿರಲು ಬಿಸಿಲಲ್ಲಿ ನಿಲ್ಲುವುದು ಏಕೆ?

ಈ ವಾದ ಪ್ರಬಲವಾದದ್ದೇ. ಆದರೂ ಟಿ.ವಿ. ಮುಂದೆ ಕೂತವನ ಕಾಲನ್ನು ಯಾರೂ ತುಳಿಯುವುದಿಲ್ಲ. ಚನ್ನಪಟ್ಟಣದಿಂದ ಬಂದ ಅಪರಿಚಿತ ಅಜ್ಜಿ ಅವನಿಗೆ ಚಕ್ಕುಲಿ ಕೊಟ್ಟು "ತಿನ್ನಪ್ಪಾ, ಇನ್ನೂ ಹೊತ್ತಾಗುತ್ತೆ" ಎನ್ನುವುದಿಲ್ಲ. ಆಶ್ವಯುಜದ ಮಳೆ ಫಕ್ಕನೆ ಸುರಿದಾಗ ಒಂದೇ ಕೊಡೆಯ ಕೆಳಗೆ ಏಳು ಜನ ನುಗ್ಗುವುದೂ ಇಲ್ಲ. ಆದ್ದರಿಂದ ಟಿ.ವಿ.ಯಲ್ಲಿ ಕಂಡವನಿಗೆ ಆನೆ ದೊರೆಯುತ್ತದೆ, ದಸರಾ ದೊರೆಯುವುದಿಲ್ಲ.

ಸಿದ್ಧಾಂತ

ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಹೊತ್ತು ಸುಮಾರು ಐದು ಕಿಲೋಮೀಟರ್ ನಡೆಯುವ ಆನೆಯೊಂದೇ ಇಡೀ ಉತ್ಸವವನ್ನು ಅಡೆತಡೆಯಿಲ್ಲದೆ ನೋಡುತ್ತದೆ. ಅದರ ಮುಂದೆ ಯಾರೂ ನಿಲ್ಲುವುದಿಲ್ಲ. ಪ್ರೇಕ್ಷಕ ಎಂಬ ಪದವಿ ನ್ಯಾಯವಾಗಿ ಅದಕ್ಕೇ ಸಲ್ಲಬೇಕು. ನಾವು ಸ್ತಬ್ಧಚಿತ್ರಗಳ ಸಾಲಿಗೆ ಸೇರಿದವರು.

ಆದರೆ ನಿಜಕ್ಕೂ ಆನೆಯನ್ನೇ ನೋಡಬೇಕೆಂಬ ಹಟವಿದ್ದವರಿಗೆ ಒಂದು ದಾರಿಯಿದೆ. ಗಜಪಯಣದಲ್ಲಿ ಬಂದ ಆನೆಗಳಿಗೆ ದಸರೆಗೆ ವಾರಗಟ್ಟಲೆ ಮೊದಲೇ ತಾಲೀಮು ಶುರುವಾಗುತ್ತದೆ. ಬೆನ್ನ ಮೇಲೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ಅದೇ ಸಯ್ಯಾಜಿರಾವ್ ರಸ್ತೆಯಲ್ಲಿ ಅವು ನಡೆಯುತ್ತವೆ. ಆಗ ಬ್ಯಾರಿಕೇಡಿಲ್ಲ, ಗೋಲ್ಡ್ ಕಾರ್ಡಿಲ್ಲ. ಹಾಲು ತರಲು ಹೋದವರೂ ಹತ್ತಿರದಿಂದಲೇ ನೋಡಬಹುದು. ಆನೆ ಬೇಕಾದವರು ತಾಲೀಮಿಗೆ ಬನ್ನಿ. ಜನ ಬೇಕಾದವರು ವಿಜಯದಶಮಿಗೆ ಬನ್ನಿ. ಎರಡಕ್ಕೂ ಬರುವವರು ಭಾವನ ಮನೆಗೆ ಬರುವಾಗ ಹಾಸಿಗೆ ತಂದುಕೊಳ್ಳತಕ್ಕದ್ದು.